ಮಂಡಿಯ ತಿರುಚನ್ನು ತಡೆಯುವ ರಜ್ಜುಗಳು

ಕಬಡ್ಡಿ ಅಂಕಣದಲ್ಲಿ ದಾಳಿಗಾರನೊಬ್ಬ ಎದುರಾಳಿಯನ್ನು ಮುಟ್ಟಿ ಥಟ್ಟನೆ ಹಿಂದಕ್ಕೆ ತಿರುಗುತ್ತಾನೆ. ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಮೈ ಮಾತ್ರ ತಿರುಗಿರುತ್ತದೆ. ಯಾರೂ ಅವನನ್ನು ಹಿಡಿದಿಲ್ಲ, ತಳ್ಳಿಲ್ಲ. ಆದರೂ ಮಂಡಿಯೊಳಗೆ ಏನೋ 'ಟಪ್' ಎಂದು ಹರಿದಂತಾಗಿ ಕುಸಿದು ಬೀಳುತ್ತಾನೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಎಕ್ಸ್-ಕಿರಣ ಚಿತ್ರ ತೆಗೆಸಿದರೆ ಮೂಳೆ ಮುರಿದಿರುವುದಿಲ್ಲ. ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ನಡೆಯಲು ತೊಂದರೆಯಿಲ್ಲ. ವಾಸಿಯಾಯಿತೆಂದು ಮತ್ತೆ ಅಂಕಣಕ್ಕೆ ಇಳಿದರೆ, ತಿರುಗಿದ ಕ್ಷಣವೇ ಮಂಡಿ ಮತ್ತೆ ಕೈಕೊಡುತ್ತದೆ.

ದೈಹಿಕ ಶಿಕ್ಷಣ ಶಿಕ್ಷಕರಿಗೆ ಈ ಕಥೆ ಹೊಸದಲ್ಲ. ಕಬಡ್ಡಿ, ಖೋ ಖೋ, ಫುಟ್‌ಬಾಲ್, ಬ್ಯಾಡ್ಮಿಂಟನ್, ಕುಸ್ತಿ ಹೀಗೆ ದಿಕ್ಕು ಬದಲಿಸುವ ಎಲ್ಲ ಆಟಗಳಲ್ಲಿಯೂ ಇದು ಕಾಣಸಿಗುತ್ತದೆ. ನೇರವಾಗಿ ನಡೆಯುವಾಗ ಸರಿಯಾಗಿಯೇ ಇರುವ ಮಂಡಿ, ತಿರುಗುವಾಗ ಮಾತ್ರ ಏಕೆ ಜಾರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ವೈದ್ಯವಿಜ್ಞಾನ ಸುಮಾರು ನೂರೈವತ್ತು ವರ್ಷ ಕಳೆದಿದೆ. ಉತ್ತರದ ಮುಖ್ಯ ಭಾಗ ಮಾತ್ರ ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಇದೆ.

ಮಂಡಿಯ ರಚನೆ

ಮಂಡಿಯನ್ನು ನಾವು ಬಾಗಿಲಿನ ತಿರುಗಣಿಗೆ ಹೋಲಿಸುವುದು ವಾಡಿಕೆ. ಆದರೆ ಈ ಹೋಲಿಕೆ ಅರ್ಧ ಮಾತ್ರ ಸರಿ. ಮೇಲೆ ತೊಡೆಯೆಲುಬಿನ ಎರಡು ದುಂಡನೆಯ ಗಡ್ಡೆಗಳಿವೆ. ಕೆಳಗೆ ಕಣಕಾಲೆಲುಬಿನ ಬಹುಮಟ್ಟಿಗೆ ಚಪ್ಪಟೆಯಾದ ತುದಿ ಇದೆ. ಚಪ್ಪಟೆ ಹಲಗೆಯ ಮೇಲೆ ಎರಡು ಗುಂಡುಗಳನ್ನು ಇಟ್ಟಂತೆ! ಸೊಂಟದ ಕೀಲಿನಲ್ಲಿ ಗುಂಡು ಬಟ್ಟಲಿನೊಳಗೆ ಕುಳಿತಿರುತ್ತದೆ. ಆದ್ದರಿಂದ ಮೂಳೆಯ ಆಕಾರವೇ ಅದಕ್ಕೆ ಭದ್ರತೆ ಕೊಡುತ್ತದೆ. ಮಂಡಿಗೆ ಆ ಅನುಕೂಲವಿಲ್ಲ. ಅದರ ಭದ್ರತೆಯೆಲ್ಲ ಸುತ್ತಲಿನ ಸ್ನಾಯುಗಳು, ಮೂಳೆಯಿಂದ ಮೂಳೆಗೆ ಬಿಗಿದಿರುವ ಅಸ್ಥಿರಜ್ಜುಗಳು ಮತ್ತು ನಡುವೆ ಕುಳಿತ ಅರ್ಧಚಂದ್ರಾಕಾರದ ಎರಡು ಮೃದ್ವಸ್ಥಿಗಳನ್ನು ಅವಲಂಬಿಸಿದೆ. ಈ ಮೃದ್ವಸ್ಥಿಗಳಿಗೆ ಮೆನಿಸ್ಕಸ್ ಎಂದು ಹೆಸರು.

ಮುಖ್ಯ ಅಸ್ಥಿರಜ್ಜುಗಳು ನಾಲ್ಕು. ಒಳಬದಿಗೆ ಒಂದು, ಹೊರಬದಿಗೆ ಒಂದು. ಉಳಿದೆರಡು ಕೀಲಿನ ನಟ್ಟನಡುವೆ ಕತ್ತರಿಯ ಅಲಗುಗಳಂತೆ ಒಂದನ್ನೊಂದು ಹಾಯ್ದು ಹೋಗುತ್ತವೆ. ಇವುಗಳಲ್ಲಿ ಮುಂದಿನದನ್ನು ಆಂಟೀರಿಯರ್ ಕ್ರೂಸಿಯೇಟ್ ಲಿಗಮೆಂಟ್, ಚಿಕ್ಕದಾಗಿ ಎ.ಸಿ.ಎಲ್. ಎನ್ನುತ್ತಾರೆ. ತೊಡೆಯೆಲುಬಿನ ಹೊರಗಡ್ಡೆಯ ಒಳಮೈಯಿಂದ ಹೊರಟು, ಓರೆಯಾಗಿ ಕೆಳಗೂ ಮುಂದಕ್ಕೂ ಇಳಿದು, ಕಣಕಾಲೆಲುಬಿನ ಮೇಲ್ಮೈಯ ಮುಂಭಾಗಕ್ಕೆ ಇದು ಅಂಟಿಕೊಂಡಿರುತ್ತದೆ. ಉದ್ದ ಸುಮಾರು 3 ಸೆಂಟಿಮೀಟರ್, ಅಗಲ ಸುಮಾರು 1 ಸೆಂಟಿಮೀಟರ್. ನಮ್ಮ ಕಿರುಬೆರಳಿಗಿಂತಲೂ ಚಿಕ್ಕದಾದ ಈ ರಜ್ಜು, ಯುವಕರಲ್ಲಿ ಸುಮಾರು 2000 ನ್ಯೂಟನ್ ಎಳೆತವನ್ನು ತಡೆದುಕೊಳ್ಳುತ್ತದೆ. ಎಂದರೆ 200 ಕಿಲೋಗ್ರಾಂ ತೂಕವನ್ನು ತೂಗುಹಾಕಿದಂತೆ.

ಎ.ಸಿ.ಎಲ್.ನ ಮೊದಲ ಕೆಲಸ ಕಣಕಾಲೆಲುಬು ಮುಂದಕ್ಕೆ ಜಾರದಂತೆ ತಡೆಯುವುದು. ಎರಡನೆಯ ಕೆಲಸ ಅದು ಒಳಮುಖವಾಗಿ ಅತಿಯಾಗಿ ತಿರುಚಿಕೊಳ್ಳದಂತೆ ನೋಡಿಕೊಳ್ಳುವುದು. ನಮ್ಮ ಪ್ರಶ್ನೆ ಈ ಎರಡನೆಯದಕ್ಕೆ ಸಂಬಂಧಿಸಿದ್ದು.

ಮಾಡಿ ನೋಡಿ

ಮಂಡಿ ತಿರುಚಿಕೊಳ್ಳುತ್ತದೆಯೇ ಎಂದು ಅನುಮಾನವಿದ್ದರೆ ತರಗತಿಯಲ್ಲಿಯೇ ಪರೀಕ್ಷಿಸಬಹುದು. ಕುರ್ಚಿಯ ಮೇಲೆ ಕುಳಿತು ಮಂಡಿಯನ್ನು 90 ಡಿಗ್ರಿ ಮಡಿಸಿ, ಹಿಮ್ಮಡಿಯನ್ನು ನೆಲದ ಮೇಲಿಡಿ. ಮಂಡಿಚಿಪ್ಪಿನ ಕೆಳಗಿರುವ ಮೂಳೆಯ ಉಬ್ಬನ್ನು ಬೆರಳಿನಿಂದ ಮುಟ್ಟಿಕೊಂಡು, ತೊಡೆಯನ್ನು ಅಲುಗಿಸದೆ, ಪಾದದ ಬೆರಳುಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಮೂಳೆಯ ಉಬ್ಬು ಪಾದದೊಂದಿಗೆ ತಿರುಗುವುದು ತಿಳಿಯುತ್ತದೆ. ಈಗ ಕಾಲನ್ನು ಪೂರ್ತಿ ನೇರವಾಗಿ ಚಾಚಿ ಅದನ್ನೇ ಮಾಡಿ. ಈ ಬಾರಿ ಪಾದ ತಿರುಗಿದರೂ ಅದರೊಂದಿಗೆ ಮಂಡಿಚಿಪ್ಪು, ತೊಡೆ ಎಲ್ಲವೂ ತಿರುಗುತ್ತವೆ. ತಿರುಗುತ್ತಿರುವುದು ಮಂಡಿಯಲ್ಲ, ಸೊಂಟದ ಕೀಲು!

ಮಂಡಿಯನ್ನು ನೇರಗೊಳಿಸುವಾಗ ಕೊನೆಯ 20-30 ಡಿಗ್ರಿಗಳಲ್ಲಿ ಕಣಕಾಲೆಲುಬು ಸ್ವಲ್ಪ ಹೊರಮುಖವಾಗಿ ತಿರುಗಿ, ತಿರುಪು ಬಿಗಿದಂತೆ ಬಿಗಿಯಾಗುತ್ತದೆ. ಆದ್ದರಿಂದಲೇ ನಾವು ಸ್ನಾಯುಗಳಿಗೆ ಹೆಚ್ಚು ದಣಿವಿಲ್ಲದೆ ಬಹಳ ಹೊತ್ತು ನಿಲ್ಲಬಲ್ಲೆವು. ಮತ್ತೆ ಮಡಿಸುವಾಗ ಮಂಡಿಯ ಹಿಂದಿರುವ ಪಾಪ್ಲಿಟಿಯಸ್ ಎಂಬ ಪುಟ್ಟ ಸ್ನಾಯು ಈ ಬೀಗವನ್ನು ಬಿಡಿಸುತ್ತದೆ. ಹೀಗೆ ಮಡಿಸುವುದು ಮತ್ತು ತಿರುಗುವುದು ಮಂಡಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ಹರಿಯುವುದು ಹೇಗೆ?

ಎ.ಸಿ.ಎಲ್. ಹರಿತಗಳಲ್ಲಿ ಹೆಚ್ಚಿನವು ಪೆಟ್ಟು ಬಿದ್ದು ಆಗುವಂಥವಲ್ಲ. ಓಟದ ನಡುವೆ ಥಟ್ಟನೆ ನಿಲ್ಲುವುದು, ದಿಕ್ಕು ಬದಲಿಸುವುದು, ನೆಗೆದು ಒಂಟಿ ಕಾಲಿನ ಮೇಲೆ ಇಳಿಯುವುದು ಇವೇ ಕಾರಣಗಳು. ಮಂಡಿ ಕೊಂಚ ಮಾತ್ರ ಮಡಿಸಿರುತ್ತದೆ, ಒಳಕ್ಕೆ ವಾಲಿರುತ್ತದೆ, ಜೊತೆಗೆ ತಿರುಚು ಸೇರಿಕೊಳ್ಳುತ್ತದೆ. ಪಂದ್ಯಗಳ ವಿಡಿಯೋಗಳನ್ನು ವಿಶ್ಲೇಷಿಸಿದ ಸಂಶೋಧಕರು, ಪಾದ ನೆಲಕ್ಕೆ ತಾಗಿದ ಸುಮಾರು 40 ಮಿಲಿಸೆಕೆಂಡುಗಳಲ್ಲಿ ರಜ್ಜು ಹರಿದಿರುತ್ತದೆ ಎಂದು ಅಂದಾಜು ಮಾಡಿದ್ದಾರೆ. ಅಪಾಯದ ಸಂದೇಶ ನರಗಳಲ್ಲಿ ಹರಿದು, ಸ್ನಾಯು ಬಿಗಿದು, ಬಲ ತುಂಬಿಕೊಳ್ಳಲು ಇಷ್ಟು ಕಾಲ ಸಾಲದು. ಎಂದರೆ ಜಾರುವುದು ಗೊತ್ತಾದ ಮೇಲೆ ಎಚ್ಚೆತ್ತುಕೊಂಡು ಪ್ರಯೋಜನವಿಲ್ಲ. ಪಾದ ಊರುವ ಮೊದಲೇ ಸ್ನಾಯುಗಳು ಸಿದ್ಧವಾಗಿರಬೇಕು. ತಡೆಗಟ್ಟುವ ವ್ಯಾಯಾಮಗಳ ತಳಹದಿ ಇದೇ. ಆಟಗಾರರಲ್ಲದವರಿಗೆ ನಮ್ಮಲ್ಲಿ ದ್ವಿಚಕ್ರ ವಾಹನಗಳಿಂದ ಬೀಳುವುದೂ ಈ ಗಾಯಕ್ಕೆ ಒಂದು ದೊಡ್ಡ ಕಾರಣ.

ರಜ್ಜು ಹರಿದ ಮೇಲೂ ನೇರ ನಡಿಗೆ ಏಕೆ ಸಾಧ್ಯ? ನಿಧಾನದ ನಡಿಗೆಯಲ್ಲಿ ತಿರುಚು ಕಡಿಮೆ. ತೊಡೆಯ ಹಿಂಭಾಗದ ಸ್ನಾಯುಗಳಿಗೆ ಕಣಕಾಲೆಲುಬನ್ನು ಹಿಂದಕ್ಕೆ ಹಿಡಿದುಕೊಳ್ಳಲು ಸಾಕಷ್ಟು ಸಮಯವೂ ಸಿಗುತ್ತದೆ. ತಿರುಗುವಾಗ ಹಾಗಲ್ಲ. ಮಂಡಿಯ ಒಳಬದಿಯಲ್ಲಿ ಕಣಕಾಲೆಲುಬಿನ ಮೇಲ್ಮೈ ತುಸು ಬಟ್ಟಲಿನಂತಿದೆ. ಹೊರಬದಿಯಲ್ಲಿ ಅದು ಉಬ್ಬಿಕೊಂಡಿದೆ. ಗುಂಡಿನ ಮೇಲೆ ಗುಂಡು! ಆದ್ದರಿಂದ ಎ.ಸಿ.ಎಲ್. ಇಲ್ಲದ ಮಂಡಿಯಲ್ಲಿ ಹೊರಬದಿಯು ಮುಂದಕ್ಕೆ ಜಾರುತ್ತದೆ. ಒಳಬದಿ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಪರಿಣಾಮವಾಗಿ ಕಣಕಾಲು ಏಕಕಾಲಕ್ಕೆ ಮುಂದಕ್ಕೂ ಒಳಕ್ಕೂ ತಿರುಗುತ್ತದೆ.

ಈ ಜಾರುವಿಕೆಯನ್ನು ಕೈಯಿಂದಲೇ ಪತ್ತೆಹಚ್ಚುವ ಪರೀಕ್ಷೆಯನ್ನು ಕೆನಡಾದ ಗಾಲ್ವೇ ಮತ್ತು ಮ್ಯಾಕಿಂಟಾಷ್ 1972ರಲ್ಲಿ ವಿವರಿಸಿದರು. ಅದಕ್ಕೆ ಪಿವಟ್ ಶಿಫ್ಟ್ ಎಂದು ಹೆಸರು. ವೈದ್ಯರು ನೇರ ಕಾಲನ್ನು ಒಳಕ್ಕೆ ತಿರುಚಿ ಹಿಡಿದು ನಿಧಾನವಾಗಿ ಮಡಿಸುತ್ತಾರೆ. ಮೊದಲು ಮುಂದಕ್ಕೆ ಜಾರಿದ್ದ ಹೊರಬದಿಯು, ಸುಮಾರು 30 ಡಿಗ್ರಿ ಮಡಿಕೆಯ ಹತ್ತಿರ 'ಕಟಕ್' ಎಂದು ಹಿಂದಕ್ಕೆ ಕೂರುತ್ತದೆ. ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಕಣಕಾಲಿನವರೆಗೆ ಇಳಿಯುವ ಇಲಿಯೋಟಿಬಿಯಲ್ ಪಟ್ಟಿ, ಮಂಡಿ ನೇರವಿದ್ದಾಗ ಕೀಲಿನ ಅಕ್ಷದ ಮುಂದಿದ್ದು, ಮಡಿಸಿದಾಗ ಹಿಂದಕ್ಕೆ ಸರಿದು ಮೂಳೆಯನ್ನು ಎಳೆಯುವುದೇ ಇದಕ್ಕೆ ಕಾರಣ. ಆಟದ ನಡುವೆ ಮಂಡಿ ಕೈಕೊಡುವುದೆಂದರೆ ಈ ಪರೀಕ್ಷೆ ಮೈದಾನದಲ್ಲಿ ತಾನಾಗಿಯೇ ನಡೆದಂತೆ. ಪ್ರತಿ ಜಾರುವಿಕೆಯಲ್ಲೂ ನಡುವಿನ ಮೆನಿಸ್ಕಸ್ ಅರೆದು ಹರಿಯಬಹುದು.

ಹೆಲಿಕಾಪ್ಟರಿನ ಬಾಲ ಮತ್ತು ಮಂಡಿ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್‌ನಲ್ಲಿ 615 ಎಕರೆ ವಿಸ್ತಾರದಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಈ ಕಾರ್ಖಾನೆ ಮೊದಲಿಗೆ ಕೈಗೆತ್ತಿಕೊಂಡದ್ದು ಹಗುರ ಉಪಯುಕ್ತತಾ ಹೆಲಿಕಾಪ್ಟರನ್ನು. ಮಂಡಿಯ ಮಾತಿನ ನಡುವೆ ಹೆಲಿಕಾಪ್ಟರ್ ಏಕೆ ಎನ್ನುವಿರಾ? ತಿರುಚನ್ನು ತಡೆಯುವ ಸಮಸ್ಯೆ ಎರಡಕ್ಕೂ ಒಂದೇ.

ಹೆಲಿಕಾಪ್ಟರಿನ ಮೇಲಿನ ದೊಡ್ಡ ರೆಕ್ಕೆಗಳನ್ನು ಎಂಜಿನ್ ಒಂದು ದಿಕ್ಕಿಗೆ ತಿರುಗಿಸಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಒಡಲು ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಇದನ್ನು ತಡೆಯಲು ಬಾಲದ ತುದಿಯಲ್ಲಿ ಒಂದು ಪುಟ್ಟ ರೋಟರ್ ಇರುತ್ತದೆ. ಅದು ಅಷ್ಟು ಪುಟ್ಟದಾಗಿದ್ದರೂ ಸಾಲುವುದೇಕೆ? ಅಕ್ಷದಿಂದ ದೂರ ಇರುವುದರಿಂದ. ತಿರುಗಿಸುವ ಸಾಮರ್ಥ್ಯ, ಎಂದರೆ ಟಾರ್ಕ್, ಬಲ ಮತ್ತು ಅಕ್ಷದಿಂದ ಅದಕ್ಕಿರುವ ಲಂಬ ದೂರ ಇವುಗಳ ಗುಣಲಬ್ಧ. ಬಾಗಿಲನ್ನು ತಿರುಗಣಿಯ ಪಕ್ಕದಲ್ಲಿ ತಳ್ಳಿದರೆ ಕಷ್ಟ, ಅಂಚಿನಲ್ಲಿ ತಳ್ಳಿದರೆ ಸುಲಭ.

ಈಗ ಮಂಡಿಗೆ ಬರೋಣ. ಕಣಕಾಲು ತಿರುಚಿಕೊಳ್ಳುವ ಅಕ್ಷ ಕೀಲಿನ ನಡುಭಾಗದಲ್ಲಿ ಹಾದುಹೋಗುತ್ತದೆ. ಎ.ಸಿ.ಎಲ್. ಇರುವುದೂ ಅಲ್ಲಿಯೇ, ಅಕ್ಷಕ್ಕೆ ತೀರ ಹತ್ತಿರ. ಲೆಕ್ಕಕ್ಕೆಂದು 10 ನ್ಯೂಟನ್-ಮೀಟರ್ ತಿರುಚನ್ನು ತಡೆಯಬೇಕು ಎಂದುಕೊಳ್ಳಿ. ಅಕ್ಷದಿಂದ 1 ಸೆಂಟಿಮೀಟರ್ ದೂರದಲ್ಲಿರುವ ರಜ್ಜು ಒಂಟಿಯಾಗಿ ಅದನ್ನು ತಡೆಯಲು 1000 ನ್ಯೂಟನ್ ಬಲ ಕೊಡಬೇಕು. 4 ಸೆಂಟಿಮೀಟರ್ ದೂರದಲ್ಲಿರುವ ರಜ್ಜಿಗೆ 250 ನ್ಯೂಟನ್ ಸಾಕು. ಅಂಕಿಗಳು ಉದಾಹರಣೆಯವು, ತತ್ವ ಮಾತ್ರ ನಿಜವಾದದ್ದು. ಮಂಡಿಯ ಹೊರ ಅಂಚಿನಲ್ಲಿ ಓರೆಯಾಗಿ ಇಳಿಯುವ ಯಾವುದೇ ರಜ್ಜು, ತಿರುಚನ್ನು ತಡೆಯುವುದರಲ್ಲಿ ನಡುವಿನ ರಜ್ಜಿಗೆ ದೊಡ್ಡ ಆಸರೆಯಾಗಬಲ್ಲದು. ಅಂಥದೊಂದು ರಜ್ಜು ಅಲ್ಲಿ ಇದೆಯೇ?

ಸೆಗಾಂಡ್ ಕಂಡ ಮುತ್ತಿನ ಬಣ್ಣದ ಪಟ್ಟಿ

1879ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಸೆಗಾಂಡ್ ಮೃತದೇಹಗಳ ಮಂಡಿಗಳನ್ನು ಬಲವಾಗಿ ತಿರುಚಿ ಪ್ರಯೋಗ ಮಾಡಿದ. ಕಣಕಾಲನ್ನು ಒಳಕ್ಕೆ ತಿರುಚಿದಾಗ ಮಂಡಿಯ ಮುಂದಿನ ಹೊರಮೂಲೆಯಲ್ಲಿ ಮುತ್ತಿನ ಬಣ್ಣದ ಗಟ್ಟಿ ನಾರಿನ ಪಟ್ಟಿಯೊಂದು ಬಿಗಿಯಾಗುವುದನ್ನು ಗಮನಿಸಿದ. ಇನ್ನೂ ತಿರುಚಿದರೆ ಆ ಪಟ್ಟಿ ಕಣಕಾಲೆಲುಬಿನ ಅಂಚಿನಿಂದ ಮೂಳೆಯ ಚಕ್ಕೆಯೊಂದನ್ನು ಕಿತ್ತುಕೊಂಡು ಬರುತ್ತಿತ್ತು. ರಾಂಟ್ಜನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಅದಕ್ಕೆ 16 ವರ್ಷ ಮೊದಲೇ ಸೆಗಾಂಡ್ ಈ ಮುರಿತವನ್ನು ವರ್ಣಿಸಿದ್ದ!

ಇಂದಿಗೂ ಎಕ್ಸ್-ಕಿರಣ ಚಿತ್ರದ ಹೊರ ಅಂಚಿನಲ್ಲಿ ಅಕ್ಕಿಕಾಳಿನಂಥ ಈ ಚಕ್ಕೆ ಕಂಡರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಅಂಥ ಮಂಡಿಗಳಲ್ಲಿ ಬಹುಪಾಲು ಎ.ಸಿ.ಎಲ್. ಕೂಡ ಹರಿದಿರುತ್ತದೆ. ಎಕ್ಸ್-ಕಿರಣ ಚಿತ್ರದಲ್ಲಿ ರಜ್ಜು ಕಾಣುವುದಿಲ್ಲ. ಆದರೆ ಈ ಚಕ್ಕೆ ಅದರ ಸುಳಿವು ಕೊಡುತ್ತದೆ. ಚಕ್ಕೆ ಇಲ್ಲದ ಮಾತ್ರಕ್ಕೆ ರಜ್ಜು ಸರಿಯಿದೆ ಎಂದೇನೂ ಅಲ್ಲ.

2013ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಸ್ಟೀವನ್ ಕ್ಲಾಸ್, ಯೋಹಾನ್ ಬೆಲ್ಲೆಮಾನ್ಸ್ ಮತ್ತು ಸಂಗಡಿಗರು 41 ಮಂಡಿಗಳನ್ನು ಬಿಡಿಸಿ ನೋಡಿ, ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಈ ರಜ್ಜನ್ನು ಗುರುತಿಸಿದರು. ಇದು ಆಂಟೀರೋಲ್ಯಾಟರಲ್ ಲಿಗಮೆಂಟ್; ಮುಂದಿನ ಹೊರಮೂಲೆಯ ರಜ್ಜು ಎನ್ನಬಹುದು. ಮಾನವ ದೇಹದಲ್ಲಿ ಹೊಸ ಅಂಗ ಪತ್ತೆಯಾಯಿತು ಎಂದು ಜಗತ್ತಿನ ಪತ್ರಿಕೆಗಳು ಬರೆದವು. ವಾಸ್ತವವಾಗಿ ಅದು ಹೊಸದಲ್ಲ. ಸೆಗಾಂಡ್ ಕಂಡದ್ದನ್ನೇ ಸರಿಯಾಗಿ ಅಳೆದು, ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನಿಖರವಾಗಿ ಹೇಳಿದ್ದು ಹೊಸತು. ಆ ಮೇಲೆ ವಿವಾದವೂ ಎದ್ದಿತು. ಇದು ಪ್ರತ್ಯೇಕ ರಜ್ಜಲ್ಲ, ಕೀಲಿನ ಹೊದಿಕೆ ಅಲ್ಲಿ ದಪ್ಪಗಾಗಿದೆ ಅಷ್ಟೇ ಎಂದು ಕೆಲವರು ವಾದಿಸಿದರು. ಈಗ ತಜ್ಞರು ಇದನ್ನು ಒಂಟಿಯಾಗಿ ನೋಡುವುದಿಲ್ಲ. ಇಲಿಯೋಟಿಬಿಯಲ್ ಪಟ್ಟಿ, ಅದರ ಆಳದ ಎಳೆಗಳು, ಕೀಲಿನ ಹೊದಿಕೆ ಮತ್ತು ಈ ರಜ್ಜು ಎಲ್ಲವೂ ಸೇರಿದ ಒಂದು ಕೂಟವೇ ಹೊರಮೂಲೆಯಲ್ಲಿ ತಿರುಚನ್ನು ತಡೆಯುತ್ತದೆ ಎನ್ನುತ್ತಾರೆ.

ದುರಸ್ತಿಯ ದಾರಿ

ಹರಿದ ಎ.ಸಿ.ಎಲ್. ಸಾಮಾನ್ಯವಾಗಿ ತಾನಾಗಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಅದನ್ನು ಹೊಲಿಯುವ ಮೊದಲ ಪ್ರಯತ್ನ ಇಂಗ್ಲೆಂಡಿನ ಮೇಯೋ ರಾಬ್ಸನ್ ಅವರದು, 1895ರಲ್ಲಿ. 1917ರಲ್ಲಿ ಹೇ ಗ್ರೋವ್ಸ್ ಹರಿದ ರಜ್ಜಿನ ಜಾಗಕ್ಕೆ ದೇಹದ ಬೇರೆ ಕಡೆಯ ಪಟ್ಟಿಯನ್ನು ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಇಂದಿನ ಶಸ್ತ್ರಚಿಕಿತ್ಸೆಯ ತತ್ವವೂ ಅದೇ. ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಬಳಿಯ ಸ್ನಾಯುರಜ್ಜನ್ನು ತೆಗೆದು, ಎರಡೂ ಮೂಳೆಗಳಲ್ಲಿ ಕೊರೆದ ಸುರಂಗಗಳ ಮೂಲಕ ಹಾಯಿಸಿ ಬಿಗಿಯುತ್ತಾರೆ. ಈಗ ಇದನ್ನು ಆರ್ಥ್ರೋಸ್ಕೋಪ್ ಎಂಬ ದರ್ಶಕದ ನೆರವಿನಿಂದ ಸಣ್ಣ ರಂಧ್ರಗಳ ಮೂಲಕ ಮಾಡುತ್ತಾರೆ.

ಹಿಂದೆ ಹೊಸ ರಜ್ಜನ್ನು ಹೆಚ್ಚು ನೇರವಾಗಿ, ಕಂಬದಂತೆ ನಿಲ್ಲಿಸುತ್ತಿದ್ದುದುಂಟು. ಅಂಥ ಮಂಡಿ ಮುಂದಕ್ಕೆ ಜಾರುತ್ತಿರಲಿಲ್ಲ. ತಿರುಚಿಕೊಳ್ಳುವುದು ಮಾತ್ರ ನಿಲ್ಲುತ್ತಿರಲಿಲ್ಲ. ಸಹಜ ರಜ್ಜಿನ ಓರೆಯನ್ನೇ ಅನುಸರಿಸಬೇಕೆಂಬ ಅರಿವು ಬಂದ ಮೇಲೆ ಸ್ಥಿತಿ ಸುಧಾರಿಸಿತು. ಆದರೂ ಕೆಲವು ಯುವ ಆಟಗಾರರಲ್ಲಿ ತಿರುಚು ಉಳಿದುಕೊಂಡು ಹೊಸ ರಜ್ಜೂ ಹರಿಯುತ್ತಿತ್ತು.

ಬಾಲದ ರೋಟರಿನ ತತ್ವ ಇಲ್ಲಿ ನೆರವಿಗೆ ಬರುತ್ತದೆ. 1967ರಲ್ಲಿಯೇ ಫ್ರಾನ್ಸಿನ ಮಾರ್ಸೆಲ್ ಲೆಮೇರ್, ಇಲಿಯೋಟಿಬಿಯಲ್ ಪಟ್ಟಿಯ ಒಂದು ಸೀಳನ್ನು ಮಂಡಿಯ ಹೊರಬದಿಯಲ್ಲಿ ಬಿಗಿಯುವ ವಿಧಾನವನ್ನು ವರ್ಣಿಸಿದ್ದರು. ಕೀಲು ಅತಿ ಬಿಗಿಯಾಗಿ ಸವೆಯಬಹುದೆಂಬ ಅಂಜಿಕೆಯಿಂದ ಅದು ನಂತರ ಹಿಂದೆ ಸರಿಯಿತು. ಇದನ್ನು ಎ.ಸಿ.ಎಲ್. ಶಸ್ತ್ರಚಿಕಿತ್ಸೆಯ ಜೊತೆಗೆ ಸೇರಿಸಿದರೆ ಲಾಭವಿದೆಯೇ ಎಂದು ಕೆನಡಾ ಮತ್ತು ಯೂರೋಪಿನ ಆಸ್ಪತ್ರೆಗಳಲ್ಲಿ, ಮತ್ತೆ ಹರಿಯುವ ಸಂಭವ ಹೆಚ್ಚಿದ್ದ 14ರಿಂದ 25 ವಯಸ್ಸಿನ 618 ಮಂದಿಯ ಮೇಲೆ ಪರೀಕ್ಷಿಸಲಾಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಎರಡು ವರ್ಷಗಳಲ್ಲಿ ಎ.ಸಿ.ಎಲ್. ಮಾತ್ರ ಜೋಡಿಸಿದವರಲ್ಲಿ ಶೇ. 11 ಮಂದಿಯ ಹೊಸ ರಜ್ಜು ಹರಿಯಿತು. ಹೊರಬದಿಯಲ್ಲೂ ಬಿಗಿದವರಲ್ಲಿ ಶೇ. 4 ಮಂದಿಯದು ಮಾತ್ರ. ತಿರುಚು ಉಳಿದುಕೊಂಡವರನ್ನೂ ಸೇರಿಸಿದರೆ ವೈಫಲ್ಯ ಶೇ. 40ರಿಂದ 25ಕ್ಕೆ ಇಳಿದಿತ್ತು. ಹೊರಬದಿ ಬಿಗಿದವರಿಗೆ ಮೊದಲ ತಿಂಗಳುಗಳಲ್ಲಿ ನೋವು ಸ್ವಲ್ಪ ಹೆಚ್ಚು. ಮುಂದೆ ಆ ವ್ಯತ್ಯಾಸ ಉಳಿಯಲಿಲ್ಲ.

ಈ ಅಂಕಿಗಳನ್ನು ವಿದ್ಯಾರ್ಥಿಗಳು ಎಚ್ಚರದಿಂದ ಓದಬೇಕು. 100 ಮಂದಿಗೆ ಹೊರಬದಿಯನ್ನೂ ಬಿಗಿದರೆ ಸುಮಾರು 7 ಹರಿತಗಳು ತಪ್ಪುತ್ತವೆ. ಎಂದರೆ ಒಂದು ಹರಿತ ತಪ್ಪಿಸಲು ಸುಮಾರು 14 ಮಂದಿಗೆ ಹೆಚ್ಚಿನ ಶಸ್ತ್ರಕ್ರಿಯೆ ಬೇಕು. ಅಪಾಯ ಹೆಚ್ಚಿರುವ ಯುವ ಆಟಗಾರನಿಗೆ ಇದು ಲಾಭದ ಲೆಕ್ಕ; ಎಲ್ಲರಿಗೂ ಅಲ್ಲ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆ?

ಬೇಕಿಲ್ಲ. ಸ್ವೀಡನ್ನಿನಲ್ಲಿ 121 ಯುವಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗುಂಪಿಗೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಲಾಯಿತು. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡು ವರ್ಷಗಳ ನಂತರ ನೋವು, ಚಲನೆ, ಜೀವನ ಗುಣಮಟ್ಟಗಳಲ್ಲಿ ಎರಡೂ ಗುಂಪುಗಳು ಸಮವಾಗಿದ್ದವು. ಎರಡನೆಯ ಗುಂಪಿನ 59 ಮಂದಿಯಲ್ಲಿ 23 ಮಂದಿಗೆ ಮಾತ್ರ ಆ ವೇಳೆಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ತೋಟ ಹೊಲಗಳಲ್ಲಿ ದುಡಿಯುವ, ಕಚೇರಿಗೆ ಹೋಗುವ ಅನೇಕರು ಸ್ನಾಯುಗಳನ್ನು ಬಲಪಡಿಸಿಕೊಂಡು ಚೆನ್ನಾಗಿ ಬಾಳಬಲ್ಲರು. ಮಂಡಿ ಮತ್ತೆ ಮತ್ತೆ ಕೈಕೊಡುತ್ತಿದ್ದರೆ, ತಿರುಗುವ ಆಟಗಳಿಗೆ ಮರಳಬೇಕಿದ್ದರೆ ಮಾತು ಬೇರೆ.

ಶಸ್ತ್ರಚಿಕಿತ್ಸೆಯ ನಂತರವೂ ಆತುರ ಸಲ್ಲದು. ಜೋಡಿಸಿದ ಸ್ನಾಯುರಜ್ಜು ಮೊದಲು ದುರ್ಬಲಗೊಂಡು, ಅದರಲ್ಲಿ ರಕ್ತನಾಳಗಳು ಬೆಳೆದು, ನಿಧಾನವಾಗಿ ಅಸ್ಥಿರಜ್ಜಿನ ರೂಪ ತಾಳುತ್ತದೆ. 9 ತಿಂಗಳಿಗೆ ಮೊದಲು ಆಟಕ್ಕೆ ಮರಳಿದವರಲ್ಲಿ ಮತ್ತೆ ಗಾಯವಾಗುವುದು ಬಹಳ ಹೆಚ್ಚು ಎಂದು ನಾರ್ವೆಯ ಸಂಶೋಧಕರು 2016ರಲ್ಲಿ ತೋರಿಸಿದರು. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಮಂಡಿಯ ರಜ್ಜುಗಳು ಹರಿದ ಕ್ರಿಕೆಟಿಗ ರಿಷಭ್ ಪಂತ್, ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ ಪಡೆದು, ಪಂದ್ಯಕ್ಕೆ ಮರಳಿದ್ದು 2024ರ ಮಾರ್ಚಿನಲ್ಲಿ. ಕುಸ್ತಿಪಟು ವಿನೇಶ್ ಫೋಗಟ್ 2023ರ ಆಗಸ್ಟ್‌ನಲ್ಲಿ ಎ.ಸಿ.ಎಲ್. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಸುಮಾರು ಒಂದು ವರ್ಷದ ನಂತರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸೆಮಿಫೈನಲ್ ಗೆದ್ದರು.

ಶಾಲೆಯಲ್ಲಿ ಏನು ಮಾಡಬಹುದು?

ಆಡುವಾಗ 'ಟಪ್' ಎಂಬ ಅನುಭವ, ಕೆಲವೇ ಗಂಟೆಗಳಲ್ಲಿ ಊತ, ಆಟ ಮುಂದುವರಿಸಲಾಗದಿರುವುದು ಈ ಮೂರೂ ಸೇರಿದರೆ ಎ.ಸಿ.ಎಲ್. ಹರಿದಿರಬಹುದೆಂದು ಶಂಕಿಸಬೇಕು. ಊತಕ್ಕೆ ಬಹುಮಟ್ಟಿಗೆ ಕಾರಣ ಕೀಲಿನೊಳಗಿನ ರಕ್ತಸ್ರಾವ. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಕಾಲನ್ನು ಎತ್ತರದಲ್ಲಿರಿಸಬೇಕು. ಎಣ್ಣೆ ಹಚ್ಚಿ ನೀವುವುದು, ಉಳುಕು ತೆಗೆಯುತ್ತೇವೆಂದು ಎಳೆದು ತಿರುಚುವುದು ಖಂಡಿತ ಕೂಡದು. ಮೂಳೆ ತಜ್ಞರು ಕೈಯಿಂದ ಪರೀಕ್ಷಿಸಿ, ಬೇಕಾದರೆ ಎಂ.ಆರ್.ಐ. ಮಾಡಿಸಿ ನಿರ್ಧರಿಸುತ್ತಾರೆ. ಎ.ಸಿ.ಎಲ್. ಹರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 10-20 ವರ್ಷಗಳಲ್ಲಿ ಮಂಡಿ ಸವೆತದ ಲಕ್ಷಣಗಳು ಕಾಣಿಸುತ್ತವೆ; ಮೆನಿಸ್ಕಸ್ ಕೂಡ ಹರಿದರೆ ಅಪಾಯ ಇನ್ನೂ ಹೆಚ್ಚು. ಹದಿನೈದರ ಹುಡುಗಿಗೆ ಮೂವತ್ತೈದಕ್ಕೇ ಮಂಡಿನೋವು ಬರುವುದೆಂದರೆ ಸಣ್ಣ ಮಾತಲ್ಲ. ಒಂದೇ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಗಾಯದ ಸಂಭವ ಎರಡು ಮೂರು ಪಟ್ಟು ಹೆಚ್ಚು ಎಂಬುದನ್ನೂ ಶಿಕ್ಷಕರು ನೆನಪಿಡಬೇಕು.

ತಡೆಗಟ್ಟುವುದು ದುಬಾರಿಯಲ್ಲ. ಫುಟ್‌ಬಾಲ್ ಆಟಗಾರರಿಗಾಗಿ ಫಿಫಾ ರೂಪಿಸಿದ '11+' ಎಂಬ ಪೂರ್ವಾಭ್ಯಾಸಕ್ಕೆ ಯಾವ ಸಲಕರಣೆಯೂ ಬೇಡ, ಸುಮಾರು 20 ನಿಮಿಷ ಸಾಕು. ನಿಧಾನ ಓಟ, ಒಂಟಿ ಕಾಲಿನ ಸಮತೋಲನ, ತೊಡೆಯ ಹಿಂಭಾಗದ ಸ್ನಾಯುಗಳಿಗೆ ಬಲ, ನೆಗೆದು ಇಳಿಯುವ ಅಭ್ಯಾಸ ಇವು ಅದರ ಭಾಗಗಳು. ಇಳಿಯುವಾಗ ಮಂಡಿ ಮಡಿಸಿರಬೇಕು, ಒಳಕ್ಕೆ ವಾಲದೆ ಪಾದದ ನೇರಕ್ಕೆ ಇರಬೇಕು. ದಿಕ್ಕು ಬದಲಿಸುವಾಗ ಒಂದೇ ದೊಡ್ಡ ಹೆಜ್ಜೆಯ ಬದಲು ಎರಡು ಮೂರು ಚಿಕ್ಕ ಹೆಜ್ಜೆಗಳಲ್ಲಿ ತಿರುಗಬೇಕು. ವಾರಕ್ಕೆ ಎರಡು ಬಾರಿಯಾದರೂ, ಆಟದ ಕಾಲ ಮುಗಿಯುವವರೆಗೂ ಇದನ್ನು ಬಿಡದೆ ಮಾಡಿಸಬೇಕು. 40 ಮಿಲಿಸೆಕೆಂಡುಗಳಲ್ಲಿ ಯೋಚಿಸಲು ಸಾಧ್ಯವಿಲ್ಲ. ಅಷ್ಟರಲ್ಲಿ ಕಾಲು ಮಾಡುವುದು ಅದಕ್ಕೆ ಮೊದಲೇ ಅಭ್ಯಾಸವಾದದ್ದನ್ನು ಮಾತ್ರ.